ಚಾರ್ಲಿಗೆ ಹಿಮ ತೋರಿಸಿದೆವು, ದೊಡ್ಡಪ್ಪನನ್ನು ಕೇಳಲೇ ಇಲ್ಲ

ಹಬ್ಬಕ್ಕೆಂದು ಅಂಕೋಲೆಗೆ ಹೋದಾಗ ಮನೆಯ ಟಿವಿಯಲ್ಲಿ ‘777 ಚಾರ್ಲಿ’ ಬರ್ತಾ ಇತ್ತು. ನಾಯಿಗೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ರಕ್ಷಿತ್ ಶೆಟ್ಟಿ ಅದನ್ನು ಬೈಕ್ ಮೇಲೆ ಕೂರಿಸಿಕೊಂಡು ಹಿಮ ನೋಡಲು ಹೊರಡುವ ಭಾಗ. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಯಾರಿಗೂ ಅಲ್ಲ ಅನ್ನೋ ಹಾಗೆ ಒಂದು ಮಾತು ಹೇಳಿದರು: “ನಾಯಿಗೆ ಏನಿಷ್ಟ ಅಂತ ನೋಡಿ ಕರ್ಕೊಂಡು ಹೋದ. ನಾವು ಇವರನ್ನ ಒಂದು ಮಾತು ಕೇಳ್ಲೇ ಇಲ್ಲ.”

‘ಇವರು’ ಅಂದರೆ ನಮ್ಮ ದೊಡ್ಡಪ್ಪ. ಅವರಿಗೂ ಕ್ಯಾನ್ಸರ್ ಆಗಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು. ಅವರಿಗೆ ನಾವು ಹೇಳಿದ್ದು ಅಲ್ಸರ್ ಅಂತ. ಕೊನೆಗೆ ಒಂದು ರಾತ್ರಿ ಉಸಿರಾಟ ಕಷ್ಟವಾಗಿ, ಆಂಬುಲೆನ್ಸ್‌ನಲ್ಲಿ ದೂರದ ಊರಿನ ಆಸ್ಪತ್ರೆಗೆ ಒಯ್ದೆವು. ಕಾರಿಡಾರಿನಲ್ಲಿ ಡಾಕ್ಟರು, “ಟ್ಯೂಬ್ ಹಾಕೋದಾ? ಬೇಗ ಹೇಳಿ” ಅಂದರು. ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಕಿ ಅಂದೆವು. ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದರು. ಮಾತಾಡಲಿಲ್ಲ. ನಾವು ‘ಹಾಕಿ’ ಅಂದಿದ್ದು ತಪ್ಪೋ ಸರಿಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವಾಗಿರಲಿಲ್ಲ ಅನ್ನೋದು ಮಾತ್ರ ಗೊತ್ತು.

ಈ ಬರಹ ಸಿನಿಮಾ ವಿಮರ್ಶೆ ಅಲ್ಲ. ಸಾವಿನ ಅಂಚಿನಲ್ಲಿರುವವರ ಬಗ್ಗೆ ನಮ್ಮ ಸಿನಿಮಾಗಳು ಏನು ಹೇಳಿಕೊಟ್ಟಿವೆ, ಕಾನೂನು ಏನು ಹೇಳುತ್ತದೆ, ಕಾರವಾರ-ಅಂಕೋಲೆಯಂಥ ಊರಲ್ಲಿ ಇವೆರಡರ ನಡುವೆ ಎಷ್ಟು ದೂರ ಇದೆ ಅನ್ನೋದರ ವಿವರಣೆ.

ತೆರೆಯ ಮೇಲಿನ ಸುಳ್ಳು

ನಮಗೆಲ್ಲ ಗೊತ್ತಿರುವ ದೃಶ್ಯ ಒಂದಿದೆ. ಡಾಕ್ಟರು ಕನ್ನಡಕ ತೆಗೆದು, ರೋಗಿಯನ್ನು ಬಿಟ್ಟು ಮನೆಯವರನ್ನು ಪಕ್ಕಕ್ಕೆ ಕರೆಯುತ್ತಾರೆ. “ಅವರಿಗೆ ಗೊತ್ತಾಗೋದು ಬೇಡ.” ಅಲ್ಲಿಂದ ಮುಂದೆ ಮುಚ್ಚಿಡುವುದೇ ಪ್ರೀತಿ. ಯಾರು ಹೆಚ್ಚು ಚೆನ್ನಾಗಿ ನಗುತ್ತಾ ಅಳು ನುಂಗುತ್ತಾರೋ ಅವರೇ ನಾಯಕ. ಈ ದೃಶ್ಯವನ್ನು ನಾವು ಎಷ್ಟು ಸಲ ನೋಡಿದ್ದೇವೆಂದರೆ, ನಿಜವಾದ ಡಾಕ್ಟರು ನಿಜವಾಗಿ ಪಕ್ಕಕ್ಕೆ ಕರೆದಾಗ ನಮಗೆ ಬೇರೆ ಸಂಭಾಷಣೆಯೇ ಬರುವುದಿಲ್ಲ.

ಆದರೆ ಈ ಜಾತಿಯ ಸಿನಿಮಾಗಳಲ್ಲಿ ಚೆನ್ನಾಗಿರೋದನ್ನು ಮತ್ತೆ ನೋಡಿದರೆ ಬೇರೆಯದೇ ಕಾಣುತ್ತದೆ. 1971ರ ಹೃಷಿಕೇಶ್ ಮುಖರ್ಜಿಯವರ ‘ಆನಂದ್’ ಈಗಲೂ ನಿಲ್ಲುವುದು ಯಾಕೆ? ಅಲ್ಲಿ ರೋಗಿಗೇ ಎಲ್ಲ ಗೊತ್ತು. ತನ್ನ ಕಾಯಿಲೆಯ ಹೆಸರನ್ನು ಅವನೇ ಹೇಳಿ ನಗುತ್ತಾನೆ. ಸತ್ತ ಮೇಲೆ ಟೇಪ್ ರೆಕಾರ್ಡರ್‌ನಲ್ಲಿ ಅವನ ದನಿ ಉಳಿದಿರುತ್ತದೆ. ತಾನು ಹೋಗುತ್ತಿದ್ದೇನೆ ಅಂತ ಗೊತ್ತಿದ್ದವನು ಮಾತ್ರ ದನಿ ಬಿಟ್ಟು ಹೋಗಬಲ್ಲ.

ಕನ್ನಡದಲ್ಲಿ 1982ರ ‘ಹಾಲು ಜೇನು’ ನೆನಪಿಸಿಕೊಳ್ಳಿ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ರಾಜ್‌ಕುಮಾರ್ ಮತ್ತು ಮಾಧವಿ. ಹೆಂಡತಿಗೆ ಕ್ಯಾನ್ಸರ್, ಚಿಕಿತ್ಸೆಗೆ ಹಣ ಹೊಂದಿಸಲು ಗಂಡ ಪಡುವ ಪಾಡು. ಹಾಡು, ನಗು, ಕಣ್ಣೀರು ಎಲ್ಲ ಇದ್ದರೂ ಅದರ ಬೆನ್ನುಮೂಳೆ ಆಸ್ಪತ್ರೆ ಬಿಲ್ಲು. ನಲವತ್ತು ವರ್ಷ ದಾಟಿದೆ, ಆ ಭಾಗ ಹಳೆಯದಾಗಿಲ್ಲ.

ಇನ್ನು ‘777 ಚಾರ್ಲಿ’. 2022ರ ಜೂನ್ 10ಕ್ಕೆ ಬಿಡುಗಡೆ, ನಿರ್ದೇಶಕ ಕಿರಣ್‌ರಾಜ್ ಕೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸಿನಿಮಾ ನೋಡಿ ಅತ್ತರು, ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು. ಅದರ ನಾಯಕ ಮಾಡಿದ್ದೇನು? ಗುಣವಾಗಲ್ಲ ಅಂತ ತಿಳಿದ ಮೇಲೆ, ಉಳಿದ ದಿನ ಹೇಗಿರಬೇಕು ಅಂತ ನಿರ್ಧರಿಸಿದ. ಟಿವಿಯಲ್ಲಿ ಹಿಮ ಕಂಡರೆ ನಾಯಿ ಕುಣಿಯುತ್ತದೆ, ಹಾಗಾಗಿ ಹಿಮದ ಹತ್ತಿರ ಹೋದ. ವೈದ್ಯಕೀಯ ಭಾಷೆಯಲ್ಲಿ ಇದಕ್ಕೆ ಹೆಸರಿದೆ: ಉಪಶಾಮಕ ಆರೈಕೆ, ಪ್ಯಾಲಿಯೇಟಿವ್ ಕೇರ್. ಒಂದು ನಾಯಿಗೆ ಅದು ಸಿಕ್ಕಿದ್ದನ್ನು ನೋಡಿ ಇಡೀ ರಾಜ್ಯ ಅತ್ತಿತು. ಅದನ್ನೇ ನಮ್ಮ ಮನೆಯ ಅಜ್ಜನಿಗೆ ಮಾಡಲು ಹೊರಟರೆ ಅಕ್ಕಪಕ್ಕದವರು ‘ಆಸ್ಪತ್ರೆಗೆ ಹಾಕದೇ ಸಾಯಿಸಿದರು’ ಅಂತಾರೆ.

ಹಳದೀಪುರದಿಂದ ಶುರುವಾದ ಕಾನೂನು

ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಭಾರತದಲ್ಲಿ ನಡೆದ ದೊಡ್ಡ ಚರ್ಚೆಯ ಬೇರು ನಮ್ಮದೇ ಜಿಲ್ಲೆಯಲ್ಲಿದೆ. ಅರುಣಾ ಶಾನಭಾಗ್ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಕೆಲಸದ ಜಾಗದಲ್ಲೇ ನಡೆದ ಕ್ರೂರ ಹಲ್ಲೆಯಿಂದ ಅವರ ಮಿದುಳಿಗೆ ಪೆಟ್ಟಾಯಿತು. ಆಮೇಲೆ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು.

ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಿ, ಶಾಂತಿಯಿಂದ ಹೋಗಲು ಬಿಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಕೆಇಎಂ ನರ್ಸ್‌ಗಳು, ‘ಬೇಡ, ನಾವು ನೋಡಿಕೊಳ್ತೇವೆ’ ಅಂದರು. 2011ರ ಮಾರ್ಚ್ 7ರಂದು ಕೋರ್ಟ್ ಅರ್ಜಿ ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಒಪ್ಪಿಗೆ ಇದ್ದರೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದು ಅಂತ ಮೊದಲ ಸಲ ಬಾಗಿಲು ತೆರೆಯಿತು.

ಈ ಕೇಸಿನಲ್ಲಿ ನನಗೆ ಮುಖ್ಯ ಅನಿಸೋದು ಒಂದು ಸಂಗತಿ. ಪಿಂಕಿ ವಿರಾನಿಯವರಿಗೂ ಕಾಳಜಿ ಇತ್ತು, ನರ್ಸ್‌ಗಳಿಗೂ ಇತ್ತು. ನಾಲ್ಕು ದಶಕ ಒಂದು ಹಾಸಿಗೆ ಹುಣ್ಣೂ ಆಗದಂತೆ ನೋಡಿಕೊಂಡವರು ಅವರು. ಇಬ್ಬರೂ ಅರುಣಾ ಪರವಾಗಿಯೇ ಮಾತಾಡಿದರು. ಅರುಣಾ ಏನು ಬಯಸಿದ್ದರು ಅನ್ನೋದು ಮಾತ್ರ ಎಲ್ಲೂ ದಾಖಲಾಗಿರಲಿಲ್ಲ. ಇಪ್ಪತ್ತೈದರ ಹುಡುಗಿಯನ್ನು ಯಾರು ತಾನೇ ಅದನ್ನು ಕೇಳಿರುತ್ತಾರೆ?

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಖಾಲಿ ಜಾಗ ತುಂಬಲು ನೋಡಿತು. ಗೌರವದಿಂದ ಸಾಯುವುದೂ 21ನೇ ವಿಧಿಯ ಬದುಕುವ ಹಕ್ಕಿನ ಭಾಗ. ಮತ್ತು ತನಗೆ ಪ್ರಜ್ಞೆ ಇರುವಾಗಲೇ ‘ಮುಂದೆ ನನಗೆ ಇಂಥ ಚಿಕಿತ್ಸೆ ಬೇಡ’ ಅಂತ ಬರೆದಿಡಬಹುದು ಎಂದಿತು. ಇದೇ ಲಿವಿಂಗ್ ವಿಲ್, ಅಧಿಕೃತವಾಗಿ ಮುಂಗಡ ವೈದ್ಯಕೀಯ ನಿರ್ದೇಶನ. ಆದರೆ ಪ್ರಕ್ರಿಯೆ ಎಷ್ಟು ಜಟಿಲವಾಗಿತ್ತೆಂದರೆ ಬಳಸೋದೇ ಅಸಾಧ್ಯವಾಗಿತ್ತು. ಹಾಗಾಗಿ 2023ರ ಜನವರಿ 24ರಂದು ಕೋರ್ಟೇ ಅದನ್ನು ಸರಳ ಮಾಡಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿ ಮಾಡುವ ಆದೇಶ ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದು ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಆಗ ಎಲ್ಲ ಕಡೆ ಬಂತು.

ಇದು ಹೇಗೆ ಕೆಲಸ ಮಾಡುತ್ತದೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಭಾರತದಲ್ಲಿ ಈಗಲೂ ಅಪರಾಧ. ಇಲ್ಲಿ ಮಾತಾಡ್ತಿರೋದು ಗುಣವಾಗುವ ಆಸೆ ಇಲ್ಲದ ರೋಗಿಗೆ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆಯನ್ನು ಶುರು ಮಾಡದಿರುವುದು ಅಥವಾ ನಿಲ್ಲಿಸುವುದರ ಬಗ್ಗೆ. ನೋವು ಕಡಿಮೆ ಮಾಡುವ ಆರೈಕೆ ನಿಲ್ಲಬಾರದು, ಅದು ಕೊನೆ ಗಳಿಗೆವರೆಗೂ ಇರಬೇಕು.

ಬರೆಯುವುದು ಹೇಗೆ? 18 ತುಂಬಿದ, ಸ್ವಸ್ಥ ಮನಸ್ಸಿನ ಯಾರು ಬೇಕಾದರೂ ಬರೆಯಬಹುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಸ್ಪಷ್ಟವಾಗಿರಬೇಕು. ನಿಮಗೆ ಮಾತಾಡಲು ಆಗದಿದ್ದಾಗ ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರು ಇರಬೇಕು; ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. 2018ರಲ್ಲಿ ಇದಕ್ಕೆ ಮ್ಯಾಜಿಸ್ಟ್ರೇಟರೇ ಬೇಕಿತ್ತು. ಒಂದು ಪ್ರತಿ ಮನೆಯವರಿಗೆ, ಒಂದು ನಿಮ್ಮ ವೈದ್ಯರಿಗೆ ಇದ್ದರೆ ಅವರಿಗೆ, ಒಂದು ಸ್ಥಳೀಯ ಸಂಸ್ಥೆಯ (ನಗರಸಭೆ, ಪುರಸಭೆ, ಪಂಚಾಯಿತಿ) ನಿಗದಿತ ಅಧಿಕಾರಿಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲಿ ರದ್ದು ಮಾಡಬಹುದು.

ಜಾರಿಯಾಗುವುದು ಹೇಗೆ? ನಿಮಗೆ ನಿರ್ಧರಿಸುವ ಶಕ್ತಿ ಹೋದ ಮೇಲೆ ಮಾತ್ರ. ಆಸ್ಪತ್ರೆ ಮೊದಲು ಪ್ರಾಥಮಿಕ ಮಂಡಳಿ ರಚಿಸುತ್ತದೆ: ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಅವರು ಒಪ್ಪಿದರೆ ದ್ವಿತೀಯ ಮಂಡಳಿ: ಕರ್ನಾಟಕದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಮತ್ತು ಮೊದಲ ಮಂಡಳಿಯಲ್ಲಿ ಇಲ್ಲದ ಇನ್ನಿಬ್ಬರು ತಜ್ಞರು. ಪ್ರತಿ ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ನೀವು ಹೆಸರಿಸಿದವರ ಒಪ್ಪಿಗೆಯೂ ಬೇಕು. ಕೊನೆಗೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಜಾರಿ ಮಾಡಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಏನೂ ಬರೆದಿಡದೇ ಪ್ರಜ್ಞೆ ತಪ್ಪಿದ್ದರೂ ಮನೆಯವರ ಒಪ್ಪಿಗೆಯೊಂದಿಗೆ ಇದೇ ದಾರಿ.

ಇಷ್ಟನ್ನೂ ಕಾಗದದ ಮೇಲೆ ಬರೆದರೆ ಅಚ್ಚುಕಟ್ಟಾದ ಫ್ಲೋಚಾರ್ಟ್ ಆಗುತ್ತದೆ. ಇಂಜಿನಿಯರಿಂಗ್ ಓದಿದ ನನಗೆ ಫ್ಲೋಚಾರ್ಟ್ ನೋಡಿದಾಗ ಮೊದಲು ಹುಡುಕುವ ಅಭ್ಯಾಸ, ಇದರ ಇನ್‌ಪುಟ್ ಯಾವುದು ಅಂತ. ಇಲ್ಲಿಯ ಇನ್‌ಪುಟ್ ರೋಗಿಯ ಮಾತು. ತನಗೆ ಅಲ್ಸರ್ ಅಂದುಕೊಂಡಿರುವ ಮನುಷ್ಯ ಯಾವ ಕಾಗದಕ್ಕೆ ಸಹಿ ಹಾಕುತ್ತಾನೆ? ಪ್ರೀತಿಯಿಂದ ನಾವು ಮುಚ್ಚಿಟ್ಟ ಸುಳ್ಳು ದೊಡ್ಡಪ್ಪನಿಂದ ವಿದಾಯವನ್ನಷ್ಟೇ ಅಲ್ಲ, ಸುಪ್ರೀಂ ಕೋರ್ಟ್ ಕೊಟ್ಟ ಹಕ್ಕನ್ನೂ ಕಿತ್ತುಕೊಂಡಿತು.

ಆಂಬುಲೆನ್ಸ್ ಜಿಲ್ಲೆ

ಈಗ ಇದನ್ನು ಉತ್ತರ ಕನ್ನಡಕ್ಕೆ ತಂದು ನೋಡಿ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದು, 2016ರಿಂದ ಅಲ್ಲಿ ಎಂಬಿಬಿಎಸ್ ನಡೆಯುತ್ತಿದೆ. ಆದರೂ ಕಾಯಿಲೆ ದೊಡ್ಡದು ಅಂದ ಕೂಡಲೇ ನಮ್ಮ ಕಡೆಯವರ ಬಾಯಲ್ಲಿ ಬರೋದು ಮೂರು ದಾರಿ. ದಕ್ಷಿಣಕ್ಕೆ ಮಣಿಪಾಲ, ಅಂಕೋಲೆಯಿಂದ ಸುಮಾರು 180 ಕಿಲೋಮೀಟರ್. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ, ಸುಮಾರು 140. ಉತ್ತರಕ್ಕೆ ಗೋವಾದ ಬಾಂಬೋಳಿ, ಕಾರವಾರದಿಂದ ಸುಮಾರು 90; ಅಲ್ಲಿಯೂ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ಶುರುವಾಯಿತು.

‘777 ಚಾರ್ಲಿ’ ನೋಡಿ ರಾಜ್ಯ ಅತ್ತ ಮರು ತಿಂಗಳೇ, 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಬಿದ್ದು ನಾಲ್ವರು ಸತ್ತರು. (ಗುಡ್ಡ ಕುಸಿದ ಅಂಕೋಲೆಯ ಶಿರೂರು ಬೇರೆ.) ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎನ್ನುವ ಅಭಿಯಾನಕ್ಕೆ ಜೋರು ಬಂದಿದ್ದು ಆಗಲೇ. ‘ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ’ ಅಂತ ಹ್ಯಾಶ್‌ಟ್ಯಾಗ್ ಹಾಕಿದವರಲ್ಲಿ ಇದನ್ನು ಓದುತ್ತಿರುವ ಹಲವರೂ ಇರಬಹುದು. ಆ ಬೇಡಿಕೆ ನೂರಕ್ಕೆ ನೂರು ನ್ಯಾಯ. ಉಳಿಯಬಹುದಾದ ಜೀವ ದಾರಿಯಲ್ಲಿ ಹೋಗಬಾರದು.

ನನ್ನ ಮಾತು ಅದಕ್ಕೆ ಸೇರಿಸಬೇಕಾದ ಇನ್ನೊಂದು ಸಾಲಿನ ಬಗ್ಗೆ. ದೂರ ಅನ್ನೋದು ಉಳಿಯುವವರನ್ನಷ್ಟೇ ಅಲ್ಲ, ಹೊರಟು ನಿಂತವರನ್ನೂ ಕಾಡುತ್ತದೆ. ಆಸ್ಪತ್ರೆ ಮನೆಯಿಂದ ಮೂರು-ನಾಲ್ಕು ಗಂಟೆ ದೂರ ಇದ್ದರೆ ಅಜ್ಜಿ ನೋಡಲು ಬರೋಕಾಗಲ್ಲ, ಮೊಮ್ಮಕ್ಕಳು ಬರೋಕಾಗಲ್ಲ. ಐಸಿಯು ಬಾಗಿಲಲ್ಲಿ ಇಬ್ಬರು ಗಂಡಸರು ಇರ್ತಾರೆ, ಅವರ ಕೈಯಲ್ಲಿ ಬಿಲ್ಲು ಇರುತ್ತದೆ. ಎರಡು ಮಂಡಳಿಗೆ ಆರು ಜನ ಅರ್ಹ ವೈದ್ಯರು ಬೇಕು ಅನ್ನೋ ನಿಯಮ ಬೆಂಗಳೂರಿಗೆ ಸುಲಭ. ತಜ್ಞರಿಗಾಗಿಯೇ ಜಿಲ್ಲೆ ಬಿಟ್ಟು ಹೋಗುವ ಊರಲ್ಲಿ?

ದುಡ್ಡು ಮುಗಿದಾಗ ಸಿಗುವ ‘ದಯಾಮರಣ’

ಇಲ್ಲಿ ಬರುವ ಆಕ್ಷೇಪ ಗಂಭೀರವಾದದ್ದೇ. ಬಡವರ ಮನೆಯಲ್ಲಿ ಈ ಹಕ್ಕು ಸಾಯುವ ಕರ್ತವ್ಯವಾಗಿಬಿಟ್ಟರೆ? ಆಸ್ತಿಗಾಗಿ ಮಕ್ಕಳೇ ಅವಸರ ಮಾಡಿದರೆ? ಅಂಗವಿಕಲರ ಹಕ್ಕುಗಳ ಪರ ಕೆಲಸ ಮಾಡುವವರಲ್ಲೂ ಈ ಭಯ ಇದೆ. ಎರಡೆರಡು ಮಂಡಳಿ ಇಟ್ಟಿರುವುದು ಇದಕ್ಕಾಗಿಯೇ.

ಆದರೆ ಈಗ ನಡೆಯುತ್ತಿರುವುದೇನು ಅಂತ ನೋಡಿ. ಆಸ್ಪತ್ರೆ ಭಾಷೆಯಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್’ ಅನ್ನೋ ಒಂದು ಕಾಗದ ಇದೆ. ದುಡ್ಡು ಮುಗಿದ ದಿನ ಮನೆಯವರು ಅದಕ್ಕೆ ಸಹಿ ಹಾಕುತ್ತಾರೆ. ರೋಗಿಯನ್ನು ಆಂಬುಲೆನ್ಸ್‌ನಲ್ಲಿ ಮಲಗಿಸಿ, ದಾರಿಯುದ್ದಕ್ಕೂ ಕೈಯಲ್ಲಿ ಬ್ಯಾಗ್ ಒತ್ತುತ್ತಾ ಮನೆಗೆ ತಂದು, ಅಲ್ಲಿ ಕೈ ಬಿಡುತ್ತಾರೆ. ಮಂಡಳಿ ಇಲ್ಲ, ಮ್ಯಾಜಿಸ್ಟ್ರೇಟ್ ಇಲ್ಲ, ನೋವಿಗೊಂದು ಮಾತ್ರೆಯೂ ಇಲ್ಲ. ನಮ್ಮಲ್ಲಿ ಜೀವರಕ್ಷಕ ಚಿಕಿತ್ಸೆ ನಿಲ್ಲೋದು ಸಾಮಾನ್ಯವಾಗಿ ಹೀಗೇ. ಅದನ್ನು ನಿರ್ಧರಿಸೋದು ಕಾನೂನೂ ಅಲ್ಲ, ರೋಗಿಯೂ ಅಲ್ಲ, ಬಿಲ್ಲು. ಹಾಗಾಗಿ ಹಕ್ಕಿನ ದುರುಪಯೋಗದ ಭಯ ಇರುವವರು ಮೊದಲು ಕೇಳಬೇಕಾದ್ದು, ಹಣವಿಲ್ಲದವರಿಗೆ ಆರೈಕೆ ಎಲ್ಲಿ ಅಂತ.

ಮನೆಗೆ ಬರುವ ನರ್ಸ್

ಆರೈಕೆಗೆ ಸೂಪರ್ ಸ್ಪೆಷಾಲಿಟಿ ಬೇಕಿಲ್ಲ. ಬೇಕಾದ್ದು ತರಬೇತಾದ ಒಬ್ಬ ನರ್ಸ್, ವಾರಕ್ಕೊಮ್ಮೆ ಮನೆಗೆ ಬರಲು ಒಂದು ವಾಹನ, ಮತ್ತು ಮಾರ್ಫಿನ್. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಬಾಯಲ್ಲಿ ನುಂಗುವ ಮಾರ್ಫಿನ್ ಅಗ್ಗದ, ಹಳೆಯ, ನಂಬಿಕಸ್ಥ ಔಷಧಿ. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಪರವಾನಗಿ ಸರಳ ಮಾಡಿದರೂ ಭಯ ಅಷ್ಟು ಬೇಗ ಹೋಗಲಿಲ್ಲ.

ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯರು ಒಂದು ಪ್ಯಾಲಿಯೇಟಿವ್ ಸೊಸೈಟಿ ಶುರು ಮಾಡಿದರು. ನಿಧಾನಕ್ಕೆ ಊರಿನ ಸ್ವಯಂಸೇವಕರು ಸೇರಿದರು. 2008ರಲ್ಲಿ ರಾಜ್ಯವೇ ನೀತಿ ಮಾಡಿ, ಪಂಚಾಯಿತಿಗಳ ಮೂಲಕ ಮನೆ ಬಾಗಿಲಿಗೆ ಆರೈಕೆ ತಂದಿತು. ನಮ್ಮ ಬೆಂಗಳೂರಿನಲ್ಲಿ ‘ಕರುಣಾಶ್ರಯ’ 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಅಂದರೆ ಇದು ಆಗದ ಕೆಲಸವಲ್ಲ. ಕಾರವಾರಕ್ಕೆ ಬೆಂಗಳೂರು ದೂರ, ಅಷ್ಟೇ.

ಮನೆಯಲ್ಲಿ ಸಾಯುವುದು ನಮ್ಮ ತಾಲ್ಲೂಕಿಗೆ ಹೊಸತೂ ಅಲ್ಲ. ಸಾವಿರಾರು ಗಿಡ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್ 16ರಂದು, ಹಾಲಕ್ಕಿ ಹಾಡಿನ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿ 13ರಂದು ಬಡಿಗೇರಿಯಲ್ಲಿ, ತಮ್ಮ ತಮ್ಮ ಊರಲ್ಲೇ ಹೋದರು. ಸರ್ಕಾರದ ಆದೇಶ ಬಂದದ್ದು ಆ ಎರಡು ತಾರೀಖುಗಳ ಮಧ್ಯೆ. ಪದ್ಮಶ್ರೀ ಪಡೆದ ಇಬ್ಬರಿಗೂ ಊರೆಲ್ಲ ಬಂದು ವಿದಾಯ ಹೇಳಿತು. ಹೆಸರಿಲ್ಲದವರಿಗೂ ಅವರ ಮನೆ, ಅವರ ಜಗಲಿ ಸಿಗಬೇಕು, ನೋವಿಲ್ಲದೆ.

ಕೇಳಬೇಕಾದ್ದು

ಹಾಗಾದರೆ ಸರ್ಕಾರದ ಮುಂದೆ ಇಡಬೇಕಾದ ಪ್ರಶ್ನೆಗಳು ಇವು. ಜಿಲ್ಲಾ ಆರೋಗ್ಯಾಧಿಕಾರಿ ದ್ವಿತೀಯ ಮಂಡಳಿಗೆ ಸೂಚಿಸಿದ ವೈದ್ಯರ ಪಟ್ಟಿ ಎಲ್ಲಿದೆ? ಅಂಕೋಲೆ ಪುರಸಭೆಯಲ್ಲಿ, ನಮ್ಮ ಪಂಚಾಯಿತಿಯಲ್ಲಿ ಲಿವಿಂಗ್ ವಿಲ್ ಪ್ರತಿ ತೆಗೆದುಕೊಳ್ಳುವ ಅಧಿಕಾರಿ ಯಾರು? ತಾಲ್ಲೂಕಿಗೊಂದು ಮನೆ ಆರೈಕೆ ತಂಡ ಯಾವಾಗ? ಜಿಲ್ಲಾ ಆಸ್ಪತ್ರೆಯಲ್ಲಿ ಮಾರ್ಫಿನ್ ಯಾವ ದಿನ ಕೇಳಿದರೂ ಸಿಗುತ್ತದೆಯೇ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕಾರವಾರದ ಗಡಿ ದಾಟಿದರೆ ಗೋವಾ. ಅಲ್ಲಿ 2024ರ ಮೇ ತಿಂಗಳಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಎಂ.ಎಸ್. ಸೋನಕ್ ಅವರೇ ಎಲ್ಲರೆದುರು ತಮ್ಮ ಲಿವಿಂಗ್ ವಿಲ್‌ಗೆ ಸಹಿ ಹಾಕಿದರು. ನಮ್ಮ ಜಿಲ್ಲೆಯ ಒಬ್ಬ ಶಾಸಕರೋ ಅಧಿಕಾರಿಯೋ ಹಾಗೆ ಮಾಡಿದರೆ ಅರ್ಧ ಸಂಕೋಚ ಹೋಗುತ್ತದೆ.

ಇನ್ನರ್ಧ ಮನೆಯಲ್ಲಿದೆ. ನಮ್ಮ ಕಡೆ ಹೊರಡುವಾಗ ಯಾರೂ ‘ಹೋಗ್ತೇನೆ’ ಅನ್ನಲ್ಲ. ಕನ್ನಡದವರು ‘ಬರ್ತೇನೆ’ ಅಂತಾರೆ, ಕೊಂಕಣಿಯವರು ‘ಯೆತಾ’ ಅಂತಾರೆ, ಅದೂ ಬರ್ತೇನೆ ಅಂತಲೇ. ಹೋಗುವ ಮಾತು ಅಪಶಕುನ. ಹಾಗಾಗಿ ಕೊನೆಯ ಹೋಗುವಿಕೆಯ ಬಗ್ಗೆ ಮಾತೆತ್ತುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಆ ದಿನ ಸಿನಿಮಾ ಮುಗಿದ ಮೇಲೆ ಅಮ್ಮನ ಹತ್ತಿರ ಕೂತು ಕೇಳಿದೆ. ಕಷ್ಟ ಬಂದರೆ ನಿನಗೆ ಟ್ಯೂಬ್ ಹಾಕಿಸೋದಾ, ಬೇಡವಾ? ಅಮ್ಮ ಬೈಯಬಹುದು ಅಂದುಕೊಂಡಿದ್ದೆ. “ಮೊದಲು ಎಷ್ಟು ಖರ್ಚಾಗ್ತದೆ ಹೇಳು” ಅಂದರು. ಖರ್ಚಿನ ಮಾತು ಬಿಡು ಅಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ವಾಸಿಯಾಗೋದಿದ್ದರೆ ಏನು ಬೇಕಾದರೂ ಮಾಡಿ, ಇಲ್ಲದಿದ್ದರೆ ಮನೆಗೆ ಕರ್ಕೊಂಡು ಬನ್ನಿ, ನೋವಾಗದ ಹಾಗೆ ನೋಡ್ಕೊಳ್ಳಿ ಅಂದರು. ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ನೋಟರಿ ಆಗಬೇಕಷ್ಟೇ.

ಅಪ್ಪ, “ಹಬ್ಬದ ದಿನ ಇದೆಂಥ ಮಾತು” ಅಂತ ಎದ್ದು ಹೋದರು. ಮುಂದಿನ ಸಲ ಊರಿಗೆ ಹೋದಾಗ ಮತ್ತೆ ಕೇಳಬೇಕು, ಹಬ್ಬ ಇಲ್ಲದ ದಿನ ನೋಡಿ.